ಯಂತ್ರದ ಹಣೆಯ ಮೇಲಿನ ದೀಪಗಳು

ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಸಂಗಮಿಸಿ, ಒಂದೇ ಹೆಸರನ್ನು ಹೊತ್ತು ಹರಿದು ಬರುವ ದಾರಿಯಲ್ಲಿ ಹೊನ್ನಾಳಿ ಸಿಕ್ಕುತ್ತದೆ. ಹಳಬರ ನೆನಪಿನಲ್ಲಿ ಅದು ಶಿವಮೊಗ್ಗ ಜಿಲ್ಲೆಯ ಊರು. 1997ರಲ್ಲಿ ದಾವಣಗೆರೆ ಜಿಲ್ಲೆ ರೂಪುಗೊಂಡಾಗ ಅದರ ಪಾಲಿಗೆ ಬಂದಿತು. ರೈಲು ಈ ಊರಿಗೆ ಇಂದಿಗೂ ಬಂದಿಲ್ಲ. ಆದರೆ ಕೂದಲೆಳೆಯಷ್ಟು ತೆಳುವಾದ ಗಾಜಿನ ತಂತಿ ಬಂದಿದೆ. ರೈತನ ಪಹಣಿ, ಮುದುಕಿಯ ಪಿಂಚಣಿ, ನ್ಯಾಯಬೆಲೆ ಅಂಗಡಿಯಲ್ಲಿ ಒತ್ತುವ ಹೆಬ್ಬೆಟ್ಟಿನ ಗುರುತು, ದೂರದ ಬೆಂಗಳೂರಿನಲ್ಲಿ ಓದುವ ಮಗಳ ಮಾತು ಎಲ್ಲವೂ ಇಂದು ಬೆಳಕಿನ ಮಿಣುಕುಗಳಾಗಿ ಈ ಗಾಜಿನ ಎಳೆಯಲ್ಲಿ ಓಡುತ್ತವೆ.

ಮಲೆನಾಡಿನಲ್ಲಿ ಮಳೆ ಹಿಡಿದು, ಗಾಜನೂರಿನ ತುಂಗಾ ಜಲಾಶಯವೂ ಲಕ್ಕವಳ್ಳಿಯ ಭದ್ರಾ ಜಲಾಶಯವೂ ತುಂಬಿ ಬಾಗಿಲು ತೆರೆದರೆ ಹೊನ್ನಾಳಿಯ ಹೊಳೆ ಏರುತ್ತದೆ. ತಗ್ಗಿನ ಮನೆಗಳವರಿಗೆ ಹೊಳೆಗಿಂತ ಮುಂಚೆ ಸುದ್ದಿ ಮುಟ್ಟಬೇಕು. ಮುಟ್ಟಿಸುವ ಭಾರ ಬಹುಮಟ್ಟಿಗೆ ಈ ಎಳೆಗಳ ಮೇಲೆಯೇ ಬಿದ್ದಿದೆ. ಎಳೆಗಳು ಕೂಡುವ ಪ್ರತಿಯೊಂದು ಕವಲಿನಲ್ಲಿಯೂ ಒಂದು ಯಂತ್ರ ಕುಳಿತಿರುತ್ತದೆ. ಅದಕ್ಕೆ ರೂಟರ್ ಎಂದು ಹೆಸರು. ಅದರ ಮುಖದ ಮೇಲೆ ಸಾಸಿವೆ ಗಾತ್ರದ ಕೆಲವು ದೀಪಗಳಿವೆ. ಅವುಗಳ ಭಾಷೆ ತಿಳಿದವನು ರಾತ್ರಿ ಎರಡು ಗಂಟೆಯಲ್ಲಿ ಒಂದು ಸೀಮೆಯ ಮಾತನ್ನು ಉಳಿಸಬಲ್ಲನು. ತಿಳಿಯದವನು ಒಂದು ಫಲಕವನ್ನು ತಪ್ಪಾಗಿ ಎಳೆದು ಇಡೀ ಸೀಮೆಯನ್ನು ಮೂಕವಾಗಿಸಬಲ್ಲನು.

ನೀರುಗಂಟಿಯೂ ನಾಲೆಯೂ

ಯಂತ್ರದ ಒಳಗುಟ್ಟನ್ನು ಅರಿಯಲು ನಾಲೆಯ ಬಯಲಿನವರಿಗೆ ದೂರ ಹೋಗಬೇಕಾಗಿಲ್ಲ. ನಾಲೆಯಲ್ಲಿ ನೀರು ತನ್ನಷ್ಟಕ್ಕೆ ಹರಿಯುತ್ತದೆ. ಯಾವ ತೂಬು ತೆರೆದಿರಬೇಕು, ಯಾವುದು ಮುಚ್ಚಿರಬೇಕು ಎಂಬುದನ್ನು ಮಾತ್ರ ನೀರುಗಂಟಿ ತೀರ್ಮಾನಿಸುತ್ತಾನೆ. ಅವನು ನೀರನ್ನು ಹೊರುವುದಿಲ್ಲ, ನೀರಿಗೆ ದಾರಿ ಹೇಳುತ್ತಾನೆ.

ದೊಡ್ಡ ರೂಟರಿನಲ್ಲಿಯೂ ಕೆಲಸ ಹೀಗೆಯೇ ಹಂಚಿಕೆಯಾಗಿದೆ. ಉಕ್ಕಿನ ಒಂದು ಗೂಡು. ಅದರಲ್ಲಿ ಪುಸ್ತಕದ ಬೀರುವಿನಲ್ಲಿ ಪುಸ್ತಕಗಳನ್ನು ಜೋಡಿಸಿದಂತೆ ಸಾಲಾಗಿ ತೂರಿಸಿದ ಫಲಕಗಳು. ಕೆಟ್ಟ ಫಲಕವನ್ನು ಹೊರಗೆಳೆದು ಹೊಸದನ್ನು ತೂರಿಸಬಹುದಾದ್ದರಿಂದ ಇಡೀ ಯಂತ್ರವನ್ನು ಬಿಚ್ಚುವ ಗೋಜಿಲ್ಲ. ಇವುಗಳಲ್ಲಿ ಹೆಚ್ಚಿನವು ದುಡಿಯುವ ಫಲಕಗಳು. ಮಾತನ್ನೂ ಚಿತ್ರವನ್ನೂ ಸಣ್ಣ ಸಣ್ಣ ಪೊಟ್ಟಣಗಳಾಗಿ ಕಟ್ಟಿ ಕಳುಹಿಸಿರುತ್ತಾರಲ್ಲ, ಆ ಪೊಟ್ಟಣಗಳನ್ನು ಒಂದು ಕಡೆಯಿಂದ ತೆಗೆದುಕೊಂಡು ಇನ್ನೊಂದು ಕಡೆಗೆ ದಾಟಿಸುವುದಷ್ಟೇ ಅವುಗಳ ಕೆಲಸ. ಯಾವ ಪೊಟ್ಟಣ ಯಾವ ದಾರಿ ಹಿಡಿಯಬೇಕೆಂಬ ಪಟ್ಟಿಯನ್ನು ಸಿದ್ಧಗೊಳಿಸಿ ಕೊಡುವುದು ನಿಯಂತ್ರಣ ಫಲಕದ ಹೊಣೆ. ನೆರೆಯೂರುಗಳ ರೂಟರುಗಳೊಡನೆ ಅದು ಸದಾ ಸಂಭಾಷಿಸುತ್ತಿರುತ್ತದೆ. ಎಲ್ಲಿ ದಾರಿ ಕಡಿದಿದೆ, ಎಲ್ಲಿ ಹೊಸದು ತೆರೆದಿದೆ ಎಂದು ಕೇಳಿ ತಿಳಿದು ಪಟ್ಟಿಯನ್ನು ತಿದ್ದುತ್ತದೆ. ಜೊತೆಗೆ ಮನೆವಾರ್ತೆಯೂ ಅದರದೇ: ಬೀಸಣಿಗೆಗಳು ತಿರುಗುತ್ತಿವೆಯೆ, ಗೂಡು ಬಿಸಿಯೇರುತ್ತಿದೆಯೆ, ವಿದ್ಯುತ್ತಿನ ಘಟಕಗಳು ಸರಿಯಾಗಿವೆಯೆ ಎಂದು ಕ್ಷಣಕ್ಷಣವೂ ವಿಚಾರಿಸುತ್ತದೆ.

ನೀರುಗಂಟಿ ಒಂದು ಗಳಿಗೆ ಮರೆಯಾದರೆ ನಾಲೆಯ ನೀರು ನಿಲ್ಲುವುದಿಲ್ಲ. ತೆರೆದ ತೂಬುಗಳಲ್ಲಿ ಹರಿಯುತ್ತಲೇ ಇರುತ್ತದೆ. ಆದರೆ ಎಲ್ಲಿಯಾದರೂ ಏರಿ ಒಡೆದರೆ ನೀರನ್ನು ಬೇರೆ ಕಡೆಗೆ ತಿರುಗಿಸುವವರು ಯಾರೂ ಇರುವುದಿಲ್ಲ. ಆಧುನಿಕ ರೂಟರಿನ ಸ್ಥಿತಿಯೂ ಇದೇ. ನಿಯಂತ್ರಣ ಫಲಕ ನಿಂತರೂ, ಅದಕ್ಕೆ ತಕ್ಕ ಏರ್ಪಾಡು ಮಾಡಿಟ್ಟಿದ್ದರೆ, ದುಡಿಯುವ ಫಲಕಗಳು ಹಳೆಯ ಪಟ್ಟಿಯನ್ನೇ ಹಿಡಿದು ಸ್ವಲ್ಪ ಕಾಲ ಕೆಲಸ ಸಾಗಿಸುತ್ತವೆ. ಅಷ್ಟರೊಳಗೆ ಬದಲಿ ನೀರುಗಂಟಿ ಎದ್ದು ನಿಲ್ಲಬೇಕು.

ಕಿತ್ತೂರಿನ ಮೊದಲ ಹೆಜ್ಜೆ

ಫಲಕಗಳನ್ನು ತೂರಿಸುವ ಈ ಗೂಡಿನ ಪದ್ಧತಿ ಕನ್ನಡನಾಡಿಗೆ ರೂಟರಿನಿಂದ ಬಂದುದಲ್ಲ. 1984ರ ಆಗಸ್ಟ್ ತಿಂಗಳಲ್ಲಿ ಭಾರತ ಸರಕಾರವು ಸಿ-ಡಾಟ್ ಎಂಬ ದೂರಸಂಪರ್ಕ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿತು. ಸ್ಯಾಮ್ ಪಿತ್ರೋಡಾ ಅವರ ಹೆಸರಿನೊಡನೆ ನಾಡಿನ ಜನ ನೆನೆಯುವ ಸಂಸ್ಥೆಯಿದು. ಹಳ್ಳಿಗಳಿಗೆಂದು ಅದು ರೂಪಿಸಿದ 128 ತುದಿಗಳ ಪುಟ್ಟ ದೂರವಾಣಿ ವಿನಿಮಯ ಯಂತ್ರವು ಮೊಟ್ಟಮೊದಲು ನೆಲೆಗೊಂಡುದು 1986ರಲ್ಲಿ, ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಪರದೇಶದ ಯಂತ್ರಗಳು ತಂಪು ಕೋಣೆಯನ್ನು ಬೇಡುತ್ತಿದ್ದವು. ಹಳ್ಳಿಯಲ್ಲಿ ತಂಪು ಕೋಣೆ ಎಲ್ಲಿಂದ ಬರಬೇಕು? ಈ ದೇಶೀಯ ಯಂತ್ರವು ಸೆಕೆಯನ್ನೂ ಧೂಳನ್ನೂ ಸಹಿಸುವಂತೆ ರಚಿತವಾಗಿತ್ತು. ನಿಯಂತ್ರಣದ ಮುಖ್ಯ ಫಲಕಗಳು ಅದರಲ್ಲಿಯೂ ಜೋಡಿಯಾಗಿಯೇ ಇದ್ದವು: ಒಂದು ದುಡಿಯುವುದು, ಇನ್ನೊಂದು ಕಾದಿರುವುದು. ಬೆಂಗಳೂರಿನ ದೂರವಾಣಿನಗರದಲ್ಲಿ 1948ರಿಂದ ದೂರವಾಣಿ ಯಂತ್ರಗಳನ್ನು ತಯಾರಿಸುತ್ತಿರುವ ಐಟಿಐ ಕಾರ್ಖಾನೆಯೂ ಸಿ-ಡಾಟ್ ಮಾದರಿಯ ಯಂತ್ರಗಳನ್ನು ನಿರ್ಮಿಸಿತು.

ಟ್ರಂಕ್ ಕರೆಗಾಗಿ ಗಂಟೆಗಟ್ಟಲೆ ಕಾದು ಕೂರುತ್ತಿದ್ದ ಊರುಗಳಿಗೆ ತಮ್ಮದೇ ಸಂಖ್ಯೆಗಳು ಬಂದವು. ಹೊನ್ನಾಳಿಗೆ 08188 ಎಂಬ ಗುರುತು ದೊರೆಯಿತು. ಮುಂದೆ 2011ರಲ್ಲಿ, ಗ್ರಾಮ ಪಂಚಾಯಿತಿಗಳಿಗೆಲ್ಲ ಗಾಜಿನ ಎಳೆಯನ್ನು ಮುಟ್ಟಿಸುವ ಯೋಜನೆಗೆ ಕೇಂದ್ರ ಸರಕಾರ ಒಪ್ಪಿಗೆಯಿತ್ತಿತು. ಭಾರತ್‌ನೆಟ್ ಎಂದು ಈಗ ಹೆಸರಾಗಿರುವುದು ಅದೇ. ಕಾಲ ಬದಲಾಯಿತು, ಯಂತ್ರದ ವೇಗ ಲಕ್ಷಪಟ್ಟು ಹೆಚ್ಚಿತು. ಜೋಡಿ ಫಲಕದ ನೀತಿ ಮಾತ್ರ ಬದಲಾಗಲಿಲ್ಲ.

ಇಲ್ಲೊಂದು ಸೋಜಿಗವೂ ಉಂಟು. ಹೊನ್ನಾಳಿಯ ಸುತ್ತಣ ಬಂಡೆಗಳಲ್ಲಿ ಚಿನ್ನದ ಎಳೆಗಳಿರುವುದು ಭೂವಿಜ್ಞಾನಿಗಳಿಗೆ ತಿಳಿದ ಸಂಗತಿ. ಫಲಕವು ಗೂಡಿಗೆ ಕಚ್ಚಿಕೊಳ್ಳುವ ಅಂಚಿನ ಸಂಪರ್ಕಗಳಿಗೂ ಚಿನ್ನದ ತೆಳುಲೇಪವಿರುತ್ತದೆ. ತಾಮ್ರ ಕಿಲುಬು ಹಿಡಿಯುತ್ತದೆ, ಬೆಳ್ಳಿ ಕಪ್ಪಾಗುತ್ತದೆ. ಚಿನ್ನ ಮಾತ್ರ ವರುಷಗಟ್ಟಲೆ ತೇವದಲ್ಲಿದ್ದರೂ ವಿದ್ಯುತ್ತಿಗೆ ದಾರಿ ಬಿಡುತ್ತದೆ. ಒಡವೆಯಲ್ಲಿ ಮೆರೆಯುವ ಲೋಹ ಇಲ್ಲಿ ಕಣ್ಣಿಗೆ ಬೀಳದೆ ದುಡಿಯುತ್ತದೆ.

ನೀಲಿ, ಹಸಿರು, ಹಳದಿ

ಅಮೆರಿಕದ ಜ್ಯೂನಿಪರ್ ಸಂಸ್ಥೆಯ ಟಿ-640 ಎಂಬ ದೊಡ್ಡ ರೂಟರನ್ನು ನಿದರ್ಶನಕ್ಕೆ ತೆಗೆದುಕೊಳ್ಳಬಹುದು. ಅದರ ನಿಯಂತ್ರಣ ಫಲಕದ ಮುಖದಲ್ಲಿ ಮೂರು ದೀಪಗಳು. ಹಸಿರು ನಿಶ್ಚಲವಾಗಿ ಉರಿದರೆ ಫಲಕ ಸ್ವಸ್ಥ. ಹಸಿರು ಮಿಣುಕುತ್ತಿದ್ದರೆ ಅದು ಇನ್ನೂ ಎಚ್ಚರಗೊಳ್ಳುತ್ತಿದೆ. ಹಳದಿ ಹೊತ್ತಿದರೆ ಫಲಕ ಕೆಟ್ಟಿದೆ. ನೀಲಿಯದು ಬೇರೆಯೇ ಮಾತು. ಅದು ಆರೋಗ್ಯವನ್ನು ಹೇಳುವುದಿಲ್ಲ, ಅಧಿಕಾರವನ್ನು ಹೇಳುತ್ತದೆ. ಜೋಡಿಯಲ್ಲಿ ಈಗ ಯಜಮಾನಿಕೆ ನಡೆಸುತ್ತಿರುವ ಫಲಕ ಯಾವುದೆಂಬುದಕ್ಕೆ ಆ ನೀಲಿಯೇ ಸಾಕ್ಷಿ. ಬಣ್ಣಗಳ ಅರ್ಥ ಎಲ್ಲ ತಯಾರಕರಲ್ಲಿಯೂ ಒಂದೇ ಆಗಿರುವುದಿಲ್ಲ. ಆದುದರಿಂದ ಜಾಣ ಕೆಲಸಗಾರನು ಮೊದಲು ಆ ಯಂತ್ರದ ಕೈಪಿಡಿಯನ್ನು ನೋಡುತ್ತಾನೆ. ಕೆಂಪು ಹಸಿರುಗಳ ಭೇದ ಕಾಣದ ಕಣ್ಣುಗಳೂ ಇರುವುದರಿಂದ ದೀಪದ ಪಕ್ಕದಲ್ಲಿ ಹೆಸರನ್ನೂ ಬರೆದಿರುತ್ತಾರೆ.

ಈ ಮಿಣುಕುದೀಪಗಳಿಗೂ ಚರಿತ್ರೆಯಿದೆ. ಕಣ್ಣಿಗೆ ಕಾಣುವ ಕೆಂಪು ಬೆಳಕನ್ನು ಹೊಮ್ಮಿಸುವ ಎಲ್‌ಇಡಿಯನ್ನು 1962ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ನಿರ್ಮಿಸಿದರು. ಪ್ರಖರವಾದ ನೀಲಿಗೆ ಮತ್ತೆ ಮೂವತ್ತು ವರ್ಷ ಕಾಯಬೇಕಾಯಿತು. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಾಕಾಮುರಾ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಯಂತ್ರದ ಯಜಮಾನನ ಹಣೆಗೆ ನೀಲಿ ಬೊಟ್ಟು ಇಟ್ಟವರು ಇವರೇ ಎನ್ನಬಹುದು.

ಜೋಡಿ ಫಲಕಗಳ ನಡುವೆ ಒಂದು ಮೌನ ಸಂವಾದ ನಡೆದಿರುತ್ತದೆ. ಯಜಮಾನ ಫಲಕವು ಗೊತ್ತಾದ ಅಂತರಕ್ಕೊಮ್ಮೆ ‘ಇದ್ದೇನೆ’ ಎಂಬ ಸಂಜ್ಞೆಯನ್ನು ಕಳುಹಿಸುತ್ತಿರುತ್ತದೆ. ನಾಡಿಮಿಡಿತದಂತಿರುವ ಆ ಸಂಜ್ಞೆ ಕೆಲವು ಬಾರಿ ತಪ್ಪಿತೆಂದರೆ, ಕಾದಿದ್ದ ಫಲಕ ಪಟ್ಟವನ್ನೇರುತ್ತದೆ. ನೀಲಿ ದೀಪ ಒಂದೆಡೆ ಆರಿ ಇನ್ನೊಂದೆಡೆ ಹೊತ್ತುತ್ತದೆ. ಎರಡೂ ಫಲಕಗಳು ತಾವೇ ಯಜಮಾನರೆಂದು ಭಾವಿಸಿದರೆ ಅದಕ್ಕಿಂತ ದೊಡ್ಡ ಅನಾಹುತ ಬೇರೆಯಿಲ್ಲ. ಒಂದೇ ತೂಬನ್ನು ಒಬ್ಬ ತೆರೆದು ಇನ್ನೊಬ್ಬ ಮುಚ್ಚಿದಂತಾಗುತ್ತದೆ. ಆದುದರಿಂದ ಏಕಕಾಲದಲ್ಲಿ ಒಂದಕ್ಕೆ ಮಾತ್ರ ಪಟ್ಟ ದೊರೆಯುವಂತೆ ಯಂತ್ರದೊಳಗೆ ವಿಶೇಷ ವಿದ್ಯುನ್ಮಂಡಲವನ್ನು ಅಳವಡಿಸಿರುತ್ತಾರೆ.

ನಿಜವಾದ ಪರೀಕ್ಷೆ ಬರುವುದು ದುರಸ್ತಿಯ ವೇಳೆಯಲ್ಲಿ. ಕೆಟ್ಟ ಫಲಕವನ್ನು ಯಂತ್ರ ನಡೆಯುತ್ತಿರುವಾಗಲೇ ತೆಗೆಯಬಹುದು; ಆದರೆ ತೆಗೆಯಬೇಕಾದುದು ನೀಲಿ ದೀಪವಿಲ್ಲದ ಫಲಕವನ್ನು. ನೀಲಿಯಿರುವುದನ್ನೇ ತೆಗೆಯಬೇಕಾಗಿ ಬಂದರೆ ಮೊದಲು ಪಟ್ಟವನ್ನು ಇನ್ನೊಂದಕ್ಕೆ ವಹಿಸಿ, ದೀಪ ಸ್ಥಳಾಂತರವಾದುದನ್ನು ಕಣ್ಣಾರೆ ನೋಡಿ, ಅನಂತರ ಕೈ ಹಾಕಬೇಕು. ಮೈಯ ಸ್ಥಿರವಿದ್ಯುತ್ತು ಫಲಕವನ್ನು ಸುಡದಂತೆ ಮಣಿಕಟ್ಟಿಗೆ ಭೂಸಂಪರ್ಕದ ಪಟ್ಟಿಯನ್ನೂ ಕಟ್ಟಿಕೊಳ್ಳಬೇಕು. ನಿದ್ದೆಗಣ್ಣಿನಲ್ಲಿ, ಮೇಲಧಿಕಾರಿಯ ಅವಸರದಲ್ಲಿ, ಎಡದ್ದು ಬಲದ್ದು ಮರೆತು ಎಳೆದವನ ಕೈಯಲ್ಲಿ ಒಂದು ತಾಲ್ಲೂಕಿನ ಮಾತೆಲ್ಲ ನಿಂತುಹೋಗಬಹುದು.

ದೀಪ ಹೇಳದ ಮಾತು

ದೀಪಗಳ ಮೇಲೆ ಇಷ್ಟು ಭಾರವಿದ್ದರೂ ಅವು ಎಲ್ಲವನ್ನೂ ಹೇಳುವುದಿಲ್ಲ. ಹಸಿರು ದೀಪವು ‘ಫಲಕ ಚೆನ್ನಾಗಿದೆ’ ಎನ್ನುತ್ತದೆಯೇ ಹೊರತು ‘ಸುದ್ದಿ ಮುಟ್ಟಿತು’ ಎನ್ನುವುದಿಲ್ಲ. ದಾರಿಯ ಪಟ್ಟಿಯಲ್ಲಿ ತಪ್ಪು ನುಸುಳಿದ್ದರೆ ಹಸಿರು ದೀಪದ ಕೆಳಗೇ ಪೊಟ್ಟಣಗಳು ದಿಕ್ಕುತಪ್ಪಿ ಅಲೆಯಬಲ್ಲವು. ದೀಪ ಆರಿದ್ದರೆ ಫಲಕ ಸತ್ತಿರಬಹುದು, ದೀಪ ಮಾತ್ರ ಸತ್ತಿರಲೂಬಹುದು. ಇದಕ್ಕೆಂದೇ ಎಲ್ಲ ದೀಪಗಳನ್ನೂ ಒಮ್ಮೆಗೇ ಬೆಳಗಿಸಿ ಪರೀಕ್ಷಿಸುವ ಗುಂಡಿಯನ್ನು ಅನೇಕ ಯಂತ್ರಗಳಲ್ಲಿ ಇಟ್ಟಿರುತ್ತಾರೆ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯವಾದುದು. ಫಲಕ ಎರಡು, ಬೀಸಣಿಗೆ ಎರಡು, ವಿದ್ಯುತ್ ಘಟಕ ಎರಡು. ಆದರೆ ಎರಡೂ ಘಟಕಗಳಿಗೆ ವಿದ್ಯುತ್ತು ಒಂದೇ ಬ್ಯಾಟರಿ ಸಾಲಿನಿಂದ ಬರುತ್ತಿದ್ದರೆ? ಊರಿನಿಂದ ಹೊರಡುವ ಎರಡು ಎಳೆಗಳೂ ಒಂದೇ ಸೇತುವೆಯ ಮೇಲೆ, ಒಂದೇ ಕೊಳವೆಯಲ್ಲಿ ಸಾಗಿದ್ದರೆ? ಹೊಳೆ ಏರಿದಾಗಲೋ ರಸ್ತೆ ಅಗೆಯುವ ಜೆಸಿಬಿ ಒಮ್ಮೆ ಕೈ ಹಾಕಿದಾಗಲೋ ಜೋಡಿಯೆಲ್ಲ ಒಂಟಿಯೇ. ಯಂತ್ರದೊಳಗಿನ ಜೋಡಿಗೆ ಹಣ ಸುರಿದು ದಾರಿಯ ಜೋಡಿಯನ್ನು ಮರೆಯುವುದು, ಬಾಗಿಲಿಗೆ ಎರಡು ಬೀಗ ಹಾಕಿ ಎರಡರ ಕೀಲಿಯನ್ನೂ ಒಂದೇ ಗೂಟಕ್ಕೆ ತೂಗುಹಾಕಿದಂತೆ.

ಮನೆಯ ಪೆಟ್ಟಿಗೆ

ಗಾಜಿನ ಎಳೆ ಬಂದ ಮನೆಗಳಲ್ಲಿ ಗೋಡೆಗೆ ಅಂಟಿಕೊಂಡಿರುವ ಪುಟ್ಟ ಪೆಟ್ಟಿಗೆಯೂ ಈ ವಂಶದ್ದೇ. ಅದರ ಮುಖದಲ್ಲಿ ‘ಪವರ್’, ‘ಪಾನ್’, ‘ಲಾಸ್’ ಎಂಬ ಹೆಸರಿನ ದೀಪಗಳನ್ನು ಗೃಹಿಣಿಯರು ನೋಡಿರುತ್ತಾರೆ. ಪವರ್ ಎಂಬುದು ವಿದ್ಯುತ್ತಿನದು. ಪಾನ್ ನಿಶ್ಚಲವಾಗಿದ್ದರೆ ಕೇಂದ್ರದೊಡನೆ ಸಂಬಂಧ ಕುದುರಿದೆಯೆಂದು ಅರ್ಥ. ಲಾಸ್ ಕೆಂಪಾಗಿ ಮಿಣುಕಿದರೆ ಎಳೆಯಲ್ಲಿ ಬೆಳಕೇ ಬರುತ್ತಿಲ್ಲ. ಆಗ ಪೆಟ್ಟಿಗೆಯನ್ನು ಹತ್ತು ಬಾರಿ ಆರಿಸಿ ಹೊತ್ತಿಸಿದರೂ ಫಲವಿಲ್ಲ. ಕಸ ಗುಡಿಸುವಾಗ ಎಳೆ ಮಡಿಸಿಹೋಗಿದೆಯೆ, ಬೀರುವಿನ ಹಿಂದೆ ಸಿಕ್ಕಿ ಹಿಚುಕಿದೆಯೆ ಎಂದು ನೋಡಬೇಕು; ಇಲ್ಲವಾದರೆ ಕೇಂದ್ರಕ್ಕೆ ತಿಳಿಸಬೇಕು. ಬಿಚ್ಚಿದ ಎಳೆಯ ತುದಿಯನ್ನು ಮಕ್ಕಳು ಕಣ್ಣಿಗೆ ಹಿಡಿದು ನೋಡದಂತೆ ಎಚ್ಚರ ವಹಿಸಬೇಕು. ಅದರಲ್ಲಿ ಓಡುವ ಬೆಳಕು ಕಣ್ಣಿಗೆ ಕಾಣದಂಥದು, ಕಾಣದ್ದರಿಂದಲೇ ಅಪಾಯಕರ.

ದೂರು ಕೊಡುವಾಗ ‘ನೆಟ್ ಬರುತ್ತಿಲ್ಲ’ ಎಂದಷ್ಟೇ ಹೇಳುವುದಕ್ಕಿಂತ ಯಾವ ದೀಪ, ಯಾವ ಬಣ್ಣ, ನಿಶ್ಚಲವೋ ಮಿಣುಕೋ ಎಂದು ಹೇಳಿದರೆ ದುರಸ್ತಿಯವರ ಅರ್ಧ ಕೆಲಸ ಮುಗಿದಂತೆಯೇ.

ಹಿಂದಿನ ನೀರುಗಂಟಿ ಕತ್ತಲಲ್ಲಿ ಲಾಂದ್ರ ಹಿಡಿದು ಏರಿಯ ಮೇಲೆ ನಡೆಯುತ್ತಿದ್ದನು. ತೂಬಿನ ಹಲಗೆ ಎತ್ತಿದೆಯೆಂದು ಕಂಡಮಾತ್ರಕ್ಕೆ ಅವನು ಹಿಂದಿರುಗುತ್ತಿರಲಿಲ್ಲ. ಕಡೆಯ ಗದ್ದೆಗೆ ನೀರು ಮುಟ್ಟಿತೆ ಎಂದು ಬಗ್ಗಿ ನೋಡುತ್ತಿದ್ದನು. ಯಂತ್ರದ ಮುಂದೆ ನಿಂತ ಇಂದಿನ ಕೆಲಸಗಾರನಿಗೂ ಅದೇ ಧರ್ಮ. ದೀಪವನ್ನು ಓದಬೇಕು, ಓದಿದ ಮೇಲೆ ಹೊಳೆದಂಡೆಯ ಕಡೆಯ ಮನೆಗೆ ಕರೆ ಮುಟ್ಟಿತೆ ಎಂದೂ ವಿಚಾರಿಸಬೇಕು.