ಲೆಕ್ಕ ಪರಿಶೋಧಕರ ಕಚೇರಿಗೆ ಬೆಲೆ ಎಷ್ಟು?

ಪೇಟೆಯಲ್ಲಿ ಮೂವತ್ತು ವರ್ಷದಿಂದ ಒಬ್ಬರೇ ನಡೆಸುತ್ತಿರುವ ಚಾರ್ಟರ್ಡ್ ಅಕೌಂಟೆಂಟ್ ಕಚೇರಿಯೊಂದನ್ನು ಊಹಿಸಿಕೊಳ್ಳೋಣ. ಮೇಜು, ಕಪಾಟು, ಎರಡು ಕಂಪ್ಯೂಟರ್ ಮಾರಿದರೆ ಹೆಚ್ಚೇನೂ ಸಿಗದು. ಆದರೆ ವರ್ಷವೂ ಅದೇ ಬಾಗಿಲಿಗೆ ಬರುವ ವ್ಯಾಪಾರಿಗಳು, ಸಹಕಾರಿ ಸಂಘಗಳು, ಶಾಲೆ, ಟ್ರಸ್ಟ್‌ಗಳ ವಿಶ್ವಾಸಕ್ಕೆ ಬೆಲೆಯಿದೆ. ಇದಕ್ಕೇ ಗುಡ್‌ವಿಲ್ ಎನ್ನುತ್ತಾರೆ.

ಈ ಕ್ಷೇತ್ರದಲ್ಲಿ ವಿಲೀನ ಹೊಸದಲ್ಲ. ಜಗತ್ತಿನ ಎಂಟು ದೊಡ್ಡ ಸಂಸ್ಥೆಗಳು 1989ರಲ್ಲಿ ಆರಾದವು, 1998ರಲ್ಲಿ ಐದಾದವು. ಎನ್‌ರಾನ್ ಹಗರಣದಿಂದಾಗಿ 2002ರಲ್ಲಿ ಆರ್ಥರ್ ಆಂಡರ್ಸನ್ ಕುಸಿದು ನಾಲ್ಕೇ ಉಳಿದವು. ಅಮೆರಿಕದಲ್ಲಿ 2021ರಿಂದ ಖಾಸಗಿ ಹೂಡಿಕೆದಾರರೂ ಇಂತಹ ಸಂಸ್ಥೆಗಳಿಗೆ ಹಣ ಹಾಕತೊಡಗಿದ್ದಾರೆ. ನಮ್ಮಲ್ಲಿಯೂ ದೊಡ್ಡ ಭಾರತೀಯ ಸಂಸ್ಥೆಗಳು ಬೆಳೆಯಬೇಕೆಂಬ ಉದ್ದೇಶದಿಂದ ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ 2025ರ ಸೆಪ್ಟೆಂಬರ್‌ನಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಆದರೆ ಈ ಪ್ರಶ್ನೆ ಹೆಚ್ಚು ತಟ್ಟುವುದು ಸಣ್ಣ ಊರಿನ ಒಂಟಿ ಕಚೇರಿಗಳಿಗೆ ಎಂಬುದು ನಮ್ಮ ಅನಿಸಿಕೆ.

ಬೆಲೆ ಕಟ್ಟುವ ರೂಢಿಯ ಲೆಕ್ಕ ಸರಳ. ವರ್ಷವೂ ಮರಳಿ ಬರುವ ಶುಲ್ಕವೇ ಆಧಾರ. ಉದಾಹರಣೆಗೆ, ಒಟ್ಟು ಶುಲ್ಕ 20 ಲಕ್ಷ ರೂಪಾಯಿ. ಅದರಲ್ಲಿ 5 ಲಕ್ಷ ಒಮ್ಮೆ ಮಾತ್ರ ಬಂದ ಕೆಲಸದ್ದು ಎಂದಾದರೆ ಎಣಿಸಬೇಕಾದದ್ದು 15 ಲಕ್ಷ. ಬ್ರಿಟನ್, ಅಮೆರಿಕಗಳಲ್ಲಿ ಸಣ್ಣ ಕಚೇರಿಗೆ ಸುಮಾರು ಒಂದು ವರ್ಷದ ಶುಲ್ಕದಷ್ಟು ಬೆಲೆ ಎಂಬುದು ಹಳೆಯ ಅಂದಾಜು. ಮಾರಾಟದ ನಂತರ ಗಿರಾಕಿಗಳು ಬಿಟ್ಟು ಹೋದರೆ ಬೆಲೆಯೂ ಇಳಿಯುವಂತೆ ಅಲ್ಲಿ ಒಪ್ಪಂದ ಮಾಡಿಕೊಳ್ಳುವುದುಂಟು.

ನಮ್ಮಲ್ಲಿ ಹಾಗಲ್ಲ. ಒಂಟಿ ಕಚೇರಿಯ ಒಡೆಯರು ತೀರಿಕೊಂಡರೆ ಅವರ ಕುಟುಂಬ ಗುಡ್‌ವಿಲ್ಲನ್ನು ಅರ್ಹ ಚಾರ್ಟರ್ಡ್ ಅಕೌಂಟೆಂಟ್ ಒಬ್ಬರಿಗೆ ಮಾರಬಹುದು ಎಂದು ಭಾರತೀಯ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ ಒಪ್ಪಿದೆ. ಆದರೆ ವಿವಾದವಿಲ್ಲದಿದ್ದರೆ ಇದು ಒಂದೇ ವರ್ಷದೊಳಗೆ ಮುಗಿಯಬೇಕು. ಹಣವನ್ನು ಕಂತುಗಳಲ್ಲಿ ಕೊಡಬಹುದು, ಆದರೆ ಕಂತನ್ನು ಕಚೇರಿಯ ಮುಂದಿನ ಆದಾಯಕ್ಕೆ ಜೋಡಿಸುವಂತಿಲ್ಲ. ದುಃಖದಲ್ಲಿರುವ ಮನೆಯವರು, ಶುಲ್ಕದ ವಿವರವೇ ತಿಳಿಯದೆ, ಗಡುವಿನೊಳಗೆ ಬೆಲೆ ಮಾತನಾಡಬೇಕು. ದಿನ ಕಳೆದಂತೆ ಗಿರಾಕಿಗಳು ಬೇರೆಡೆ ಹೋಗುತ್ತಾರೆ, ಬೆಲೆ ಕರಗುತ್ತದೆ.

ಪಾಲುದಾರಿಕೆ ಇದ್ದರೆ ಚಿತ್ರ ಬೇರೆ. ತೀರಿಕೊಂಡ ಪಾಲುದಾರರ ವಾರಸುದಾರರಿಗೆ ಲಾಭದ ಪಾಲು ಕೊಡಲು 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯಿದೆ ಅಡ್ಡಿ ಮಾಡುವುದಿಲ್ಲ. ಆದರೆ ಪಾಲುದಾರಿಕೆ ಪತ್ರದಲ್ಲಿ ಅದನ್ನು ಬರೆದಿರಬೇಕು. ಆದ್ದರಿಂದ ಐವತ್ತು ದಾಟಿದವರು ಕಿರಿಯರೊಬ್ಬರೊಡನೆ ಅಥವಾ ಇನ್ನೊಂದು ಕಚೇರಿಯೊಡನೆ ವಿಲೀನವಾಗುವುದು ಹಿತ. ಅದಕ್ಕೆ ದೊಡ್ಡ ಬಂಡವಾಳವೂ ಬೇಡ. ಲಾಭದ ಹಂಚಿಕೆ, ಸಿಬ್ಬಂದಿಯ ಭವಿಷ್ಯ, ಯಾವ ಗಿರಾಕಿಯನ್ನು ಯಾರು ನೋಡುವುದು, ಇವನ್ನು ಮೊದಲೇ ಬರೆದಿಟ್ಟುಕೊಂಡರೆ ಸಾಕು.

ಇನ್ನೊಂದು ಮಾತು. ಗುಡ್‌ವಿಲ್ ಕೊಂಡವರು ತಾವಾಗಿಯೇ ನಿಮ್ಮ ಸಂಘದ ಅಥವಾ ಕಂಪೆನಿಯ ಆಡಿಟರ್ ಆಗುವುದಿಲ್ಲ. ಕ್ರಮಬದ್ಧವಾಗಿ ಹೊಸಬರನ್ನು ನೇಮಿಸಬೇಕಾದದ್ದು ಸಂಸ್ಥೆಯೇ. ಆದ್ದರಿಂದ ನಮ್ಮ ಶಾಲೆ, ಸಂಘ, ಟ್ರಸ್ಟ್‌ಗಳ ಲೆಕ್ಕ ನೋಡುವ ಪದಾಧಿಕಾರಿಗಳು ಮುಂದಿನ ಸಭೆಯಲ್ಲಿ ತಮ್ಮ ಲೆಕ್ಕ ಪರಿಶೋಧಕರನ್ನು ವಿನಯದಿಂದಲೇ ಕೇಳಲಿ: ನಿಮ್ಮ ನಂತರ ಈ ಕಡತಗಳನ್ನು ಯಾರು ನೋಡುತ್ತಾರೆ?