ತಳದ ಬೇಳೆ ಯಾರ ಪಾಲಿಗೆ?

ಡೊಂಬಿವಲಿಯ ರಸ್ತೆಗಳಲ್ಲಿ ನಡೆದರೆ ಇಂದು ವ್ಯಾಯಾಮಶಾಲೆಗಳಿಗೆ ಬರವಿಲ್ಲ. ಅವುಗಳ ಗಾಜಿನ ಹಿಂದೆ ಬಕೆಟ್ಟಿನ ಗಾತ್ರದ ಪ್ರೋಟೀನು ಪುಡಿಯ ಡಬ್ಬಿಗಳು ಸಾಲುಗಟ್ಟಿ ನಿಂತಿರುತ್ತವೆ. ಸಾವಿರಗಟ್ಟಲೆ ರೂಪಾಯಿ ತೆತ್ತು ಅವನ್ನು ಮನೆಗೆ ತರುವ ನಮ್ಮ ಹುಡುಗರನ್ನು ವಿಚಾರಿಸಿದರೆ, "ನಿಮ್ಮ ಅನ್ನ ಸಾರಿನಲ್ಲಿ ಏನಿದೆ?" ಎಂದು ಮರುಪ್ರಶ್ನೆ ಹಾಕುತ್ತಾರೆ. ಹಿರಿಯರ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: "ನಮ್ಮಜ್ಜ ಇದನ್ನೇ ಉಂಡು ಗಟ್ಟಿಯಾಗಿದ್ದ." ಈ ಎರಡೂ ಮಾತುಗಳನ್ನು ನಾನು ಒಪ್ಪಲಾರೆ. ಅಜ್ಜ ಉಂಡದ್ದು ಇದನ್ನಲ್ಲ. ಅಜ್ಜನ ಸಾರಿಗೆ ನಾವು ನೀರು ಬೆರೆಸಿದ್ದೇವೆ.

ಮೊದಲು ಲೆಕ್ಕ ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಪ್ರಮಾಣದಂತೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕು. 55 ಕಿಲೋ ತೂಗುವ ಹೆಂಗಸಿಗೆ ಸುಮಾರು 46 ಗ್ರಾಂ. ಅದೇ ಸಂಸ್ಥೆಯ ಮಾದರಿ ತಟ್ಟೆಯಲ್ಲಿ 250 ಗ್ರಾಂ ಧಾನ್ಯಕ್ಕೆ 85 ಗ್ರಾಂ ಬೇಳೆಕಾಳು, 300 ಮಿ.ಲೀ. ಹಾಲು ಇವೆ. ಕುತೂಹಲಕ್ಕೆಂದು ನಮ್ಮ ಮನೆಯ ಬೇಳೆಯನ್ನು ಒಂದು ವಾರ ತಕ್ಕಡಿಗೆ ಹಾಕಿದೆ. ಐದು ಮಂದಿಗೆ ಎರಡು ಹೊತ್ತಿನ ಸಾರಿಗೆ ಬೀಳುತ್ತಿದ್ದುದು ದಿನಕ್ಕೆ 150 ಗ್ರಾಂ, ಎಂದರೆ ತಲೆಗೆ 30. ತೊಗರಿಬೇಳೆಯ ನೂರು ಗ್ರಾಮಿನಲ್ಲಿ 22 ಗ್ರಾಂ ಪ್ರೋಟೀನು ಎಂದು ಹಿಡಿದರೆ ಸಿಕ್ಕಿದ್ದು ಆರೂವರೆ ಗ್ರಾಂ. 250 ಗ್ರಾಂ ಅಕ್ಕಿಯಿಂದ ಇಪ್ಪತ್ತು. ಚಹದ ಹಾಲು, ಮಜ್ಜಿಗೆ ಸೇರಿಸಿದರೂ ಮೂವತ್ತರ ಆಸುಪಾಸು. ಬೇಳೆಯನ್ನು 85ಕ್ಕೆ ಏರಿಸಿ, ಹಾಲನ್ನು ಹೇಳಿದಷ್ಟು ಕುಡಿದರೆ ಯಾವ ಪುಡಿಯೂ ಇಲ್ಲದೆ 46 ದಾಟುತ್ತದೆ. ಕೂಡುವ ಕಳೆಯುವ ಲೆಕ್ಕವಿದು, ಶಾಸ್ತ್ರಜ್ಞರು ಬೇಕಿಲ್ಲ.

ಆದರೆ ತಲೆಗೆ 30 ಗ್ರಾಂ ಎಂಬುದು ಸರಾಸರಿ ಮಾತ್ರ. ಗಂಡನಿಗೆ, ಮಗನಿಗೆ ಬಡಿಸುವಾಗ ಸೌಟು ತಳ ಮುಟ್ಟುತ್ತದೆ. ಎಲ್ಲರದೂ ಮುಗಿದು ಮನೆಯಾಕೆ ಕೂರುವ ಹೊತ್ತಿಗೆ ಉಳಿದ ಸಾರಿಗೆ ಬಿಸಿನೀರು ಬಿದ್ದಿರುತ್ತದೆ. ಇವಳೇ ಬೆಳಗಿನ ಲೋಕಲ್ ಗಾಡಿಯಲ್ಲಿ ನಿಂತು ದುಡಿಯಲು ಹೋಗುವವಳು. ಮೇಲೆ ಸೋಮವಾರ, ಸಂಕಷ್ಟಿ, ಏಕಾದಶಿ. ಇಲ್ಲಿಗೆ ಬಂದು ಕಲಿತ ಸಾಬೂದಾಣಿ ಖಿಚಡಿಯೇ ಅಂದಿನ ಊಟ. ಸಾಬೂದಾಣಿಯಲ್ಲಿ ಪ್ರೋಟೀನು ಇಲ್ಲವೆಂದೇ ಹೇಳಬೇಕು. ಆ ತಟ್ಟೆಯ ಮಾನ ಉಳಿಸುವುದು ಅದರೊಳಗಿನ ಶೇಂಗಾಪುಡಿ. ಮಕ್ಕಳು ಪರದೇಶಕ್ಕೆ ಹೋಗಿ ಕಲ್ಯಾಣದ ಫ್ಲ್ಯಾಟಿನಲ್ಲಿ ಇಬ್ಬರೇ ಉಳಿದ ವೃದ್ಧರ ಸ್ಥಿತಿಯೋ? ರಾತ್ರಿಗೆ ಮಜ್ಜಿಗೆ ಅನ್ನ, ಉಪ್ಪಿನಕಾಯಿ. ಸ್ಟೇಷನ್ನಿನ ಸೇತುವೆ ಹತ್ತಲಾಗದಾಗ ವಯಸ್ಸನ್ನು ದೂರುತ್ತೇವೆ. ಸ್ನಾಯು ಸವೆಯಲು ವಯಸ್ಸೊಂದೇ ಕಾರಣವಲ್ಲ. ಮೂತ್ರಪಿಂಡದ ತೊಂದರೆಯುಳ್ಳವರು ವೈದ್ಯರ ಮಾತು ಕೇಳಲಿ. ಉಳಿದವರಿಗೆ ಹಲ್ಲಿಲ್ಲದಿದ್ದರೂ ಹೆಸರುಬೇಳೆಯ ಹುಗ್ಗಿಗೆ ಅಡ್ಡಿಯೇನು?

ಸಸ್ಯದ ಪ್ರೋಟೀನು "ಅಪೂರ್ಣ" ಎಂಬ ಮಾತೂ ಈಚೆಗೆ ಬಹಳ ಕೇಳಿಬರುತ್ತಿದೆ. ಧಾನ್ಯದಲ್ಲಿ ಲೈಸೀನ್ ಕಡಿಮೆ, ಬೇಳೆಯಲ್ಲಿ ಅದು ಧಾರಾಳ. ಬೇಳೆಗೆ ಕಡಿಮೆಯಾದ ಮಿಥಿಯೋನೀನ್ ಧಾನ್ಯದಲ್ಲಿದೆ. ಒಂದೇ ತುತ್ತಿನಲ್ಲಿ ಎರಡೂ ಬೇಕೆಂದಿಲ್ಲ, ದಿನದೊಳಗೆ ಸೇರಿದರಾಯಿತು. ಪುಡಿಯೇ ಬೇಕೆಂಬವರಿಗೆ ಒಂದು ಮಾತು: 1950ರಲ್ಲಿ ಆರಂಭವಾದ ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯ ಶೇಂಗಾ ಹಿಟ್ಟಿಗೆ ಕಡಲೆಹಿಟ್ಟು ಬೆರೆಸಿ ಬಹೂಪಯೋಗಿ ಆಹಾರವೊಂದನ್ನು ಎಂದೋ ಸಿದ್ಧಪಡಿಸಿತ್ತು. ಅದರ ಹೆಸರು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ?

ನಾವು ಊರಿನಿಂದ ಹೊರಟಾಗ ಕೈಯಲ್ಲಿ ಬಡತನವಿತ್ತು, ಆದರೆ ಗಂಟಿನಲ್ಲಿ ಕಾಳಿತ್ತು. ಕರಾವಳಿಯ ಹುರುಳಿ, ಅಲಸಂದೆ; ಹಳೆಯ ಮೈಸೂರಿನ ಅವರೆ; ಬಡಗಣ ನಾಡಿನ ಮಡಕಿಕಾಳು, ಜುಣಕ, ಶೇಂಗಾ ಚಟ್ನಿ. ಹೋಟೆಲಿನ ನೀರುಸಾಂಬಾರು ಅವನ್ನೆಲ್ಲ ನುಂಗಿತು. ನೆರೆಯ ಮರಾಠಿಗರು ಹಾಗೆ ಬಿಟ್ಟುಕೊಡಲಿಲ್ಲ. ನಮ್ಮ ಹುರುಳಿ ಅವರ ಕುಳೀತ್. ಅದರ ಪಿಠಲೆ ಇಂದಿಗೂ ಕೊಂಕಣಿಗರ ಮನೆಯಲ್ಲಿ ಕುದಿಯುತ್ತದೆ. ಮಡಕಿ ಅವರ ಉಸಳಿಗೆ, ಮಿಸಳಿಗೆ. ಭತ್ತದ ಕೊಯ್ಲಾದ ಮೇಲೆ ಉಳಿದ ತೇವದಲ್ಲಿ ಪನ್ವೇಲ್, ಅಲಿಬಾಗಿನ ಗದ್ದೆಗಳಲ್ಲಿ ಬೆಳೆಯುವ ಕಡವೆ ವಾಲ ಮತ್ತು ಮಾಗಡಿಯ ಅವರೆ ಒಂದೇ ಜಾತಿಯ ಬೀಜ. ನವಿಮುಂಬಯಿಯ ಕನ್ನಡಿಗನು ಅವರೆಗಾಗಿ ಊರಿನ ಬಸ್ಸು ಕಾಯುತ್ತಾನೆ, ಪಕ್ಕದ ಸಂತೆಯ ವಾಲದ ಬಳಿ ಸುಳಿಯುವುದಿಲ್ಲ!

ಸಸ್ಯಾಹಾರದ ಹೆಮ್ಮೆಯ ಬಗೆಗೂ ಎರಡು ಮಾತು. ನಮ್ಮಲ್ಲಿ ಮೀನುಣ್ಣುವವರು ಬಹಳ ಮಂದಿ. ವಾರ, ವ್ರತಗಳ ನಡುವೆ ಅವರಿಗೂ ಹಲವು ದಿನ ಬೇಳೆಯೇ ಗತಿ. ಆದುದರಿಂದ ಇದು ಜಾತಿಯ ಪ್ರಶ್ನೆಯಲ್ಲ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆಯಿತು, ನಾವು ಹಿಗ್ಗಿದೆವು. ಅದೇ ಸೀಮೆಯ ಶಾಲಾಮಕ್ಕಳಿಗೆ 2021ರಲ್ಲಿ ಮೊಟ್ಟೆ ಕೊಡಹೊರಟಾಗ ಕೆಲವು ಮಠಾಧೀಶರು ವಿರೋಧಿಸಿದರು, ಆಗಲೂ ನಮ್ಮಲ್ಲಿ ಕೆಲವರು ತಲೆದೂಗಿದರು. ಮೊಟ್ಟೆ ಬೇಡವೆಂಬವರು ಬೇಳೆಯ ಖರ್ಚು ಯಾರದೆಂದು ಹೇಳಬೇಡವೇ? 2013ರ ಆಹಾರ ಭದ್ರತಾ ಕಾಯಿದೆ ಬಡವನಿಗೆ ತಿಂಗಳಿಗೆ ತಲೆಗೆ ಐದು ಕಿಲೋ ಧಾನ್ಯದ ಹಕ್ಕು ಕೊಟ್ಟಿತು, ಒಂದು ಹಿಡಿ ಬೇಳೆಯ ಹಕ್ಕನ್ನು ಕೊಡಲಿಲ್ಲ. ಬೇಳೆ ಕೊಡದೆ ಮೊಟ್ಟೆ ಕಸಿಯುವುದಕ್ಕೆ ಅಹಿಂಸೆಯೆಂಬ ಹೆಸರು ಒಪ್ಪುವುದಿಲ್ಲ.

ಇನ್ನು ನಮ್ಮ ಸಂಘಗಳ ಭೋಜನ. ರಾಜ್ಯೋತ್ಸವವಿರಲಿ, ವಾರ್ಷಿಕೋತ್ಸವವಿರಲಿ, ಎಲೆಯ ಮೇಲೆ ಎರಡು ಸಿಹಿ, ಮೂರು ಬಗೆಯ ಅನ್ನ, ಕರಿದ ಹಪ್ಪಳ. ಕೋಸಂಬರಿ ಮಾತ್ರ ಎಲೆಯ ತುದಿಯಲ್ಲಿ ಚಮಚೆಯಷ್ಟು, ಅದೂ ಕೇಳಿದರೆ ಎರಡನೆಯ ಬಾರಿ ಬರುವುದಿಲ್ಲ. ಬಡಿಸುವವರು ಗಂಡಸರು, ಅಡುಗೆಮನೆಯಲ್ಲಿ ಉಳಿದದ್ದನ್ನು ಕೊನೆಯ ಪಂಕ್ತಿಯಲ್ಲಿ ಉಣ್ಣುವವರು ಮಹಿಳಾ ವಿಭಾಗದವರು. ಬರುವ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ನಾನು ಈ ಸೂಚನೆ ಮಂಡಿಸಲಿದ್ದೇನೆ: ಸಿಹಿ ಒಂದೇ ಸಾಕು, ಅದರ ಹಣದಲ್ಲಿ ಹುರುಳಿ ಉಸ್ಲಿಯೋ ವಾಲದ ಪಲ್ಯವೋ ಬಟ್ಟಲು ತುಂಬ ಬೀಳಲಿ, ಮೊದಲ ಪಂಕ್ತಿಯಲ್ಲಿ ಹೆಂಗಸರು ಕೂರಲಿ. ವಿರೋಧಿಸುವವರು ತಮ್ಮ ಮನೆಯ ಬೇಳೆಯನ್ನು ಒಂದು ವಾರ ತೂಗಿಕೊಂಡು ಬರಬೇಕಾಗಿ ಕೋರಿಕೆ.