ಸಿಂಹಾಸನದ ಮೇಲಿನ ಶವ ಹೀರೋ ಆಗಿದ್ದು ಹೇಗೆ?

ಹೋದ ತಿಂಗಳು ಅಕ್ಕನ ಮಗ ಮನೆಗೆ ಬಂದಿದ್ದ. ಒಂಬತ್ತನೇ ಕ್ಲಾಸು. ನನ್ನ ಮೇಜಿನ ಮೇಲೆ ಅರ್ಧ ಬಣ್ಣ ಹಚ್ಚಿಟ್ಟಿದ್ದ ಪುಟಾಣಿ ಪ್ಲಾಸ್ಟಿಕ್ ಸೈನಿಕರನ್ನು ನೋಡಿದವನೇ, 'ಮಾಮ, ಇದು ವಾರ್‌ಹ್ಯಾಮರ್ ಅಲ್ವಾ?' ಅಂದ. ಅವನು ಈ ಆಟ ಆಡಿದವನಲ್ಲ, ಮೀಮ್‌ಗಳಲ್ಲಿ ನೋಡಿದವನು. ಫೋನ್ ತೆಗೆದು ಒಂದನ್ನು ತೋರಿಸಿದ. ಚಿನ್ನದ ಸಿಂಹಾಸನ, ಅದರ ಮೇಲೆ ಚಕ್ರವರ್ತಿ, ಸುತ್ತ ಕವಚ ತೊಟ್ಟ ಯೋಧರು. 'ನಮಗೂ ಇಂಥವನೊಬ್ಬ ಬೇಕು ಮಾಮ' ಅಂತ ನಕ್ಕ. ನನಗೆ ನಗು ಬರಲಿಲ್ಲ.

'ವಾರ್‌ಹ್ಯಾಮರ್ 40,000' ಬ್ರಿಟನ್ನಿನ ಆಟ. ರಿಕ್ ಪ್ರೀಸ್ಟ್ಲಿ ಬರೆದ ಇದರ ಮೊದಲ ನಿಯಮಪುಸ್ತಕ 1987ರಲ್ಲಿ ಬಂತು. ಪ್ರಕಟಿಸಿದ್ದು ಗೇಮ್ಸ್ ವರ್ಕ್‌ಶಾಪ್ ಕಂಪನಿ. ಇದರಲ್ಲಿ ಚೌಕಗಳಿಲ್ಲ. ಟೇಪ್ ಹಿಡಿದು ಇಂಚುಗಳಲ್ಲಿ ಅಳೆದು ಸೈನಿಕರನ್ನು ಸರಿಸಬೇಕು, ಏಟು ತಾಗಿತೋ ಇಲ್ಲವೋ ಅಂತ ದಾಳ ಹಾಕಿ ನೋಡಬೇಕು. ಚದುರಂಗದಲ್ಲಿ ಇಬ್ಬರಿಗೂ ಒಂದೇ ಸೈನ್ಯ. ಇಲ್ಲಿ ಹಾಗಲ್ಲ. ಮೊದಲು ಒಂದು ಬಣ ಆರಿಸಿಕೊಳ್ಳಬೇಕು, ಆಮೇಲೆ ಆ ಬಣದೊಳಗೆ ನಿಮ್ಮ ಸೈನ್ಯವನ್ನು ನೀವೇ ಕಟ್ಟಬೇಕು. ಪ್ರತಿ ತುಕಡಿಗೂ ಇಷ್ಟು ಪಾಯಿಂಟ್ ಅಂತ ಬೆಲೆ ಇರುತ್ತೆ. ಸಾಮಾನ್ಯವಾಗಿ ಒಬ್ಬೊಬ್ಬರಿಗೆ 2,000 ಪಾಯಿಂಟ್. ನಿಜವಾದ ಆಟ ಅರ್ಧ ಇಲ್ಲೇ ಮುಗಿದಿರುತ್ತದೆ.

ಈ ಲೆಕ್ಕದಲ್ಲೇ ರಾಜಕೀಯ ಇದೆ. ನನ್ನದು ಅಸ್ಟ್ರಾ ಮಿಲಿಟೇರಮ್, ಅಂದರೆ ಸಾಮ್ರಾಜ್ಯದ ಸಾಮಾನ್ಯ ಕಾಲಾಳುಗಳು. ಒಬ್ಬ ಸ್ಪೇಸ್ ಮರೀನ್ ಯೋಧನ ಬೆಲೆಗೆ ಇಂಥವರು ಒಬ್ಬರಿಗಿಂತ ಹೆಚ್ಚು ಸಿಗ್ತಾರೆ. ಹಾಗಾಗಿ ಅವರನ್ನು ಮುಂದೆ ನಿಲ್ಲಿಸಿ ಸಾಯಲು ಬಿಡೋದು, ಹಿಂದಿನಿಂದ ಟ್ಯಾಂಕ್ ಹೊಡೆಯೋದು ನನ್ನ ತಂತ್ರ. ಗೆದ್ದಾಗಲೂ ಮೇಜಿನ ಮೇಲೆ ನನ್ನ ಕಾಲಾಳುಗಳು ಹೆಚ್ಚು ಉಳಿದಿರೋದಿಲ್ಲ. ಬಡವರ ಜೀವ ಅಗ್ಗ ಅನ್ನೋದನ್ನ ಈ ಆಟ ಭಾಷಣ ಮಾಡದೇ ಹೇಳುತ್ತೆ.

ಉಳಿದ ಬಣಗಳೂ ಹಾಗೇ. ಟಿರನಿಡ್‌ಗಳು ಗ್ರಹಗಳನ್ನೇ ತಿಂದು ಮುಂದೆ ಹೋಗುವ ಜೀವಿಗಳು. ಓರ್ಕ್‌ಗಳಿಗೆ ಹೊಡೆದಾಟವೇ ಹಬ್ಬ. ಟೌಗಳು 'ಎಲ್ಲರ ಒಳಿತಿಗಾಗಿ' ಅನ್ನುತ್ತಾ ಬರ್ತಾರೆ, ಒಪ್ಪದಿದ್ದರೆ ಬಂದೂಕು ತೆಗೀತಾರೆ. ಒಳ್ಳೆಯವರು ಅಂತ ಒಂದು ಬಣವೂ ಇಲ್ಲ. ಮನುಷ್ಯರ ಸಾಮ್ರಾಜ್ಯವಂತೂ ಇಲ್ಲವೇ ಇಲ್ಲ. ಅದರ ಚಕ್ರವರ್ತಿ ಹತ್ತು ಸಾವಿರ ವರ್ಷಗಳಿಂದ ಸಿಂಹಾಸನದ ಮೇಲೆ ಕೂತ, ಹೆಚ್ಚೂಕಡಿಮೆ ಶವವೇ ಆಗಿರುವ ದೇಹ. ಅವನನ್ನು ಹಾಗೆ ಉಳಿಸಲು ದಿನಕ್ಕೆ ಸಾವಿರ ಜನರನ್ನು ಬಲಿ ಕೊಡ್ತಾರೆ. ಪ್ರಶ್ನೆ ಕೇಳಿದವನು ಧರ್ಮದ್ರೋಹಿ. ಯಂತ್ರ ಕೆಟ್ಟರೆ ರಿಪೇರಿಗಿಂತ ಮೊದಲು ಪೂಜೆ. ಥ್ಯಾಚರ್ ಮೂರನೇ ಸಲ ಗೆದ್ದ ವರ್ಷ ಬಂದ ಈ ಆಟ ಸರ್ವಾಧಿಕಾರವನ್ನು ಗೇಲಿ ಮಾಡುವ ವಿಡಂಬನೆ.

ಹಾಗಾದರೆ ಹುಡುಗನಿಗೆ ಅದು ವಿಡಂಬನೆಯಾಗಿ ಯಾಕೆ ಕಾಣಲಿಲ್ಲ?

ಪೆಟ್ಟಿಗೆ ನೋಡಿ, ಉತ್ತರ ಅಲ್ಲೇ ಇದೆ. ಹೊಸ ಆವೃತ್ತಿ ಬಂದಾಗಲೆಲ್ಲ ಕಂಪನಿ ಎರಡು ಬಣಗಳ ಒಂದು ಆರಂಭಿಕ ಪೆಟ್ಟಿಗೆ ಬಿಡುತ್ತೆ. 1993ರಲ್ಲಿ ಸ್ಪೇಸ್ ಮರೀನ್ ಮತ್ತು ಓರ್ಕ್. 1998ರಲ್ಲಿ ಸ್ಪೇಸ್ ಮರೀನ್ ಮತ್ತು ಡಾರ್ಕ್ ಎಲ್ಡಾರ್. 2020ರಲ್ಲಿ ಸ್ಪೇಸ್ ಮರೀನ್ ಮತ್ತು ನೆಕ್ರಾನ್. 2023ರಲ್ಲಿ ಸ್ಪೇಸ್ ಮರೀನ್ ಮತ್ತು ಟಿರನಿಡ್. ಎದುರಾಳಿ ಬದಲಾಗ್ತಾನೆ, ಸ್ಪೇಸ್ ಮರೀನ್ ಬದಲಾಗಲ್ಲ. ಪುಸ್ತಕದ ಒಳಗೆ ಇವರು ಮತಾಂಧ ಸಾಮ್ರಾಜ್ಯದ ಕೊಲೆಗಡುಕರು, ಪೆಟ್ಟಿಗೆಯ ಮೇಲೆ ಹೀರೋಗಳು. ಪುಸ್ತಕ ಓದುವವರು ಕೆಲವರು, ಪೆಟ್ಟಿಗೆ ನೋಡುವವರು ಎಲ್ಲರೂ.

ಇದರ ಪರಿಣಾಮ ಆಗಲೇ ಕಂಡಿದ್ದೇವೆ. 2016ರ ಅಮೆರಿಕ ಚುನಾವಣೆ ಹೊತ್ತಿಗೆ ಟ್ರಂಪ್ ಮುಖವನ್ನು ಈ ದೇವ-ಚಕ್ರವರ್ತಿಯ ದೇಹಕ್ಕೆ ಅಂಟಿಸಿದ ಚಿತ್ರಗಳು ಹರಿದಾಡಿದವು. 2019ರಲ್ಲಿ ಇಟಲಿಯ ವಿಯರೆಜ್ಜೊ ಕಾರ್ನಿವಲ್‌ನಲ್ಲಿ ಅದೇ ರೂಪದ ದೈತ್ಯ ಗೊಂಬೆ ಮೆರವಣಿಗೆ ಹೋಯ್ತು. ಕಲಾವಿದ ಟೀಕೆಯಾಗಿ ಮಾಡಿದ್ದನ್ನು ಟ್ರಂಪ್ ಅಭಿಮಾನಿಗಳು ಹೊಗಳಿಕೆ ಅಂತಲೇ ಹಂಚಿಕೊಂಡರು. 2021ರಲ್ಲಿ ಸ್ಪೇನ್‌ನ ಒಂದು ಟೂರ್ನಿಗೆ ಆಟಗಾರನೊಬ್ಬ ನಾಜಿ ಚಿಹ್ನೆ ತೊಟ್ಟು ಬಂದ. ಆಯೋಜಕರು ಅವನನ್ನು ಹೊರಹಾಕಲಿಲ್ಲ.

ಅದೇ ನವೆಂಬರ್‌ನಲ್ಲಿ ಕಂಪನಿ ಹೇಳಿಕೆ ಕೊಟ್ಟಿತು: ಸಾಮ್ರಾಜ್ಯ ನಮ್ಮ ಆದರ್ಶವಲ್ಲ, ಅದು ವಿಡಂಬನೆ, ದ್ವೇಷದ ಗುಂಪುಗಳ ಚಿಹ್ನೆ ಹಾಕಿಕೊಂಡು ನಮ್ಮ ಅಂಗಡಿಗೆ, ಕಾರ್ಯಕ್ರಮಕ್ಕೆ ಬಂದರೆ ಹೊರಗೆ ಕಳಿಸ್ತೀವಿ. ಒಳ್ಳೆಯ ಮಾತು. ಆದರೆ ಪೆಟ್ಟಿಗೆ ಮೇಲಿನ ಹೀರೋ ಬದಲಾಗಲಿಲ್ಲ. 2024ರಲ್ಲಿ ಚಕ್ರವರ್ತಿಯ ಅಂಗರಕ್ಷಕ ಪಡೆಯಲ್ಲಿ ಮಹಿಳೆಯರೂ ಇದ್ದಾರೆ ಅಂತ ಪುಸ್ತಕದಲ್ಲಿ ಬಂದದ್ದಕ್ಕೇ ಆನ್‌ಲೈನ್‌ನಲ್ಲಿ ರಂಪಾಟ ಆಯ್ತು. ದಿನಕ್ಕೆ ಸಾವಿರ ಜನರ ಬಲಿ ತೊಂದರೆ ಕೊಡದವರಿಗೆ ಕವಚದೊಳಗಿನ ಹೆಣ್ಣು ತೊಂದರೆ ಕೊಟ್ಟಳು.

'ಆಟ ತಾನೇ ಬಿಡಿ' ಅನ್ನಬಹುದು. ನಾನೂ ಆಡುವವನೇ. ಈ ಆಟ ಆಡಿ ಯಾರೂ ಫ್ಯಾಸಿಸ್ಟ್ ಆಗಲ್ಲ, ನನಗೆ ಸಿಕ್ಕ ಆಟಗಾರರಲ್ಲಿ ಬಹುತೇಕರು ಸಜ್ಜನರು. ನನ್ನ ಭಯ ಆಟದ ಬಗ್ಗೆ ಅಲ್ಲ, ಆಟದಿಂದ ಕಳಚಿಕೊಂಡು ಓಡಾಡುವ ಚಿತ್ರದ ಬಗ್ಗೆ. ಮೀಮ್‌ನಲ್ಲಿ ಸಿಂಹಾಸನ ಇರುತ್ತೆ, ಶವ ಇರಲ್ಲ. ಯೋಧ ಇರ್ತಾನೆ, ಬಲಿಯಾದವರು ಇರಲ್ಲ. 2024ರ ಡಿಸೆಂಬರ್‌ನಲ್ಲಿ ಈ ಕಂಪನಿ ಲಂಡನ್‌ನ ಎಫ್‌ಟಿಎಸ್‌ಇ 100 ಪಟ್ಟಿ ಸೇರಿತು, ತೆರೆಗೆ ತರಲು ಅಮೆಜಾನ್ ಜೊತೆಗಿನ ಒಪ್ಪಂದವೂ ಆಗಲೇ ಪಕ್ಕಾ ಆಯ್ತು. ಇನ್ನು ಈ ಚಿತ್ರ ಇನ್ನಷ್ಟು ಮನೆಗಳಿಗೆ ಬರುತ್ತೆ. ತೆರೆಯ ಮೇಲೆ ಹೀರೋ ಯಾರಾಗ್ತಾರೆ ಅನ್ನೋದೇ ನೋಡಬೇಕಾದ ಸಂಗತಿ.

ಹುಡುಗನಿಗೆ ಬುದ್ಧಿ ಹೇಳಲು ಹೋಗಲಿಲ್ಲ. ಆ ವಯಸ್ಸಲ್ಲಿ ನಾನೂ ಕೇಳ್ತಿರಲಿಲ್ಲ. ಮೇಜಿಗೆ ಕೂರಿಸಿ, ನನ್ನ ಕಾಲಾಳುಗಳನ್ನು ಅವನಿಗೇ ಕೊಟ್ಟೆ. ಉಮೇದಿನಿಂದ ಇಪ್ಪತ್ತು ಜನರನ್ನು ಮುಂದೆ ನುಗ್ಗಿಸಿದ. ಅದೇ ಸುತ್ತಿನಲ್ಲಿ ಇಪ್ಪತ್ತೂ ಹೋದರು.

'ಇವ್ರೆಲ್ಲ ಅಷ್ಟೇನಾ?'

'ಅಷ್ಟೇ. ನಿನ್ನ ಚಕ್ರವರ್ತಿಗೆ ಇವರ ಹೆಸರೂ ಗೊತ್ತಿಲ್ಲ.'

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಉಳಿದವರನ್ನು ಗೋಡೆಯ ಮರೆಗೆ ಸರಿಸಿದ. ಮೀಮ್ ಡಿಲೀಟ್ ಮಾಡಿದನೋ ಇಲ್ಲವೋ ನಾನು ಕೇಳಿಲ್ಲ. ಬರುವ ಭಾನುವಾರ ಮತ್ತೆ ಬರ್ತೀನಿ ಅಂದಿದ್ದಾನೆ.